ಮೊದಲೇ ಬಂದ ಮುಟ್ಟು

ಕೊರಳಲ್ಲಿ ಲಿಂಗ ಕಟ್ಟಿದ ಮನೆ ನಮ್ಮದು. ಮುಟ್ಟಾದರೂ ಅಡುಗೆ ಮಾಡುತ್ತೇವೆ, ಪೂಜೆಯನ್ನೂ ಬಿಡುವುದಿಲ್ಲ. ರೇಷ್ಮೆ ಹುಳು ಸಾಕುವ ಮನೆಗೆ ಮಾತ್ರ ಕಾಲಿಡುವಂತಿಲ್ಲ. ಇದು ಯಾವ ಶರಣರು ಮಾಡಿದ ಕಾನೂನೋ ನನಗೆ ಗೊತ್ತಿಲ್ಲ. ಆದರೂ ಈ ಕಲ್ಯ ಊರಿಗೆ ಸೊಸೆಯಾಗಿ ಬಂದಾಗಿನಿಂದ ನಾನು ಮೀರಿರಲಿಲ್ಲ. ಅದಕ್ಕೇ ಹುಳುಮನೆ ನನ್ನ ಕೈಯಲ್ಲಿತ್ತು.

ಕೊರೋನಾ ಲಸಿಕೆಯ ಮೊದಲ ಸೂಜಿ ಹಾಕಿಸಿಕೊಂಡ ತಿಂಗಳು ಮುಟ್ಟು ಹೇಳದೆ ಕೇಳದೆ ಮೊದಲೇ ಬಂತು. ಹುಳು ಕೊನೆಯ ಜ್ವರ ಎದ್ದು, ಅಂದರೆ ಕಡೆಯ ಸಲ ಪೊರೆ ಕಳಚಿ, ಬಕಾಸುರನ ಹಾಗೆ ಸೊಪ್ಪು ತಿನ್ನುವ ಹೊತ್ತು. ಹುಳುಮನೆಯಿಂದ ಓಡಿಬಂದು ವಾರಗಿತ್ತಿ ಕವನಳಿಗೆ ಹೇಳಿದೆ. ಅವಳು ಊರಿನ ಆಶಾ ಕಾರ್ಯಕರ್ತೆ.

"ನಂಗೂ ಹಂಗೇ ಆಯ್ತು ಕಣಕ್ಕ. ಒಂದೆರಡು ತಿಂಗ್ಳಲ್ಲಿ ಸರಿಹೋಯ್ತದೆ" ಎಂದು ಕೈ ಹಿಡಿದುಕೊಂಡಳು. "ಬಾಯ್ ಬುಡ್ಬ್ಯಾಡ. ಗೊತ್ತಾದ್ರೆ ಒಬ್ಬಳೂ ಎರಡನೇ ಸೂಜಿಗೆ ಬರಲ್ಲ. ನೀ ಸುಮ್ನೆ ಸೊಪ್ಪು ಹಾಕು, ನಾನಿದ್ದೀನಿ."

ಹಾಕಿದೆ. ಆ ವಾರ ಮಳೆ. ನೆಂದ ಸೊಪ್ಪು ತಿಂದರೆ ಹುಳುವಿಗೆ ರೋಗ, ತರಬೇಡ ಎಂದು ಬಡಿದುಕೊಂಡರೂ ನನ್ನ ಗಂಡ ಉದಯಶಂಕರ ಅದನ್ನೇ ತಂದು ಸುರಿದ. ಹುಳುಗಳು ಸಾಯತೊಡಗಿದವು.

ಅತ್ತೆ ಗಿರಿಜಾಂಬ ನಮ್ಮಿಬ್ಬರನ್ನೂ ನಿಲ್ಲಿಸಿ ಕೇಳಿದರು. "ಯಾರವ್ವಾ ಮುಟ್ಟಾಗಿ ಒಳೀಕೆ ಹೋಗಿದ್ದೋಳು?"

ನಾನು ಬಾಯಿ ತೆರೆಯುವ ಮೊದಲೇ ಕವನ ಹೇಳಿದಳು. "ಅಕ್ಕ ಅತ್ತೆ. ಹೋಗ್ಬ್ಯಾಡ ಅಂದೆ, ಕೇಳ್ನಿಲ್ಲ."

"ಏನೇ ಅಂದೆ? ಸೂಜಿ ಆದ್ಮ್ಯಾಕೆ ನಿಂಗೂ ಹಂಗೇ ಆಯ್ತು ಅಂತ ನೀನೇ ಹೇಳ್ನಿಲ್ವೇನೇ?" ಎಂದು ಅವಳ ಕಡೆ ತಿರುಗಿದೆ.

"ನಂಗ್ಯಾಕಾದದು? ನಂಗೇನೂ ಆಗ್ನಿಲ್ಲ."

ನೆಂದ ಸೊಪ್ಪಿನ ಮಾತು ಎತ್ತಲಿ ಎಂದು ಅಲ್ಲೇ ಇದ್ದ ಗಂಡನ ಮುಖ ನೋಡಿದೆ. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದ. ಅತ್ತೆ ನನ್ನನ್ನು ಹುಳುಮನೆಯಿಂದ ಬಿಡಿಸಿ, ಕೆಲಸ ಕವನಳಿಗೆ ಒಪ್ಪಿಸಿದರು.

ಎರಡನೇ ಸೂಜಿಯ ದಿನ ಹೆಂಗಸರು ಸೂಜಿ ಹಾಕುವ ಶಾಲೆಯ ಮುಂದೆ ಗುಂಪುಗೂಡಿದ್ದರು. ನನ್ನ ಸುದ್ದಿ ಊರೆಲ್ಲ ಸುತ್ತಿತ್ತು, ಒಳಗೆ ಹೋಗಲು ಎಲ್ಲರಿಗೂ ದಿಗಿಲು.

"ಮುಟ್ಟೇ ನಿಂತೋಯ್ತದಂತೆ?" ಪಕ್ಕದ ಮನೆ ಮಾರಕ್ಕ ಕೇಳಿದಳು.

"ಏನೂ ಆಗಲ್ಲ, ಬನ್ನಿ" ಎಂದಳು ಕವನ.

ನನಗೆ ಮೈಯೆಲ್ಲ ಉರಿಯಿತು. ಗುಂಪು ತಳ್ಳಿಕೊಂಡು ಹೋಗಿ ನರ್ಸಮ್ಮನ ಮುಂದಿನ ಕುರ್ಚಿಯಲ್ಲಿ ಕೂತು ರವಿಕೆ ತೋಳು ಏರಿಸಿದೆ.

"ಆಯ್ತದೆ ಕಣ್ರವ್ವಾ. ಒಸಿ ಹಿಂದ್ಮುಂದೆ ಆಯ್ತದೆ, ಆಮ್ಯಾಕೆ ಸರಿಹೋಯ್ತದೆ. ನಂದು ಸರಿಹೋಗೈತೆ, ನೋಡಿ, ಎರಡ್ನೇದೂ ಹಾಕಿಸ್ಕತಾ ಇವ್ನಿ. ಇವಳಿಗೂ ಆಗಿತ್ತು, ಕೇಳಿ."

ಎಲ್ಲರೂ ಕವನಳ ಕಡೆ ತಿರುಗಿದರು. ಹೂಂ ಅಂದುಬಿಡೇ ಎಂದು ಅವಳನ್ನೇ ನೋಡುತ್ತ ಕೂತೆ. ಬಾಗಿಲಲ್ಲಿ ಅತ್ತೆ ನಿಂತಿದ್ದರು. ಕವನ ಅತ್ತೆಯ ಕಡೆ ನೋಡಿದಳು, ನನ್ನ ಮುಖ ನೋಡಲಿಲ್ಲ.

"ನಂಗೇನೂ ಆಗ್ನಿಲ್ಲ" ಎಂದಳು.

"ಹಂಗಾದ್ರೆ ಇವಳೊಬ್ಬಳಿಗೇ ಏನೋ ಆಗೈತೆ. ಸೂಜಿ ಯಾರಿಗೆ ಏನ್ ಮಾಡ್ತದೋ, ಮನೆಗೆ ನಡೀರವ್ವಾ" ಎಂದು ಮಾರಕ್ಕ ಸೆರಗು ಕೊಡವಿದಳು.

ನರ್ಸಮ್ಮ ನನಗೆ ಸೂಜಿ ಚುಚ್ಚುವ ಹೊತ್ತಿಗೆ ಶಾಲೆಯ ಅಂಗಳ ಖಾಲಿಯಾಗಿತ್ತು.