ಅರ್ಧ ಉಜ್ಜಿದ ಬೆನ್ನು

ಮೊರಾಕ್ಕೊದ ಸಲೆ ಊರಿನ ಹಳೆಯ ಹಮ್ಮಾಮಿನಲ್ಲಿ, ಎಂದರೆ ಊರವರೆಲ್ಲ ಬರುವ ಆವಿಸ್ನಾನದ ಮನೆಯಲ್ಲಿ, ತಾಮೂ ಹೆಂಗಸರ ಮೈ ಉಜ್ಜುವವಳು. ಉಜ್ಜಿ ಉಜ್ಜಿಯೇ ಮಗಳು ವಿದಾದಳನ್ನು ಓದಿಸಿದ್ದಳು. ಮದುವೆಯಾದರೆ ಆ ವಿದಾದಳನ್ನೇ ಎಂದು ದೊಡ್ಡ ಮನೆಯ ಹುಡುಗ ಅನಸ್ ಹಟ ಹಿಡಿದಾಗ ಅವನ ತಾಯಿ ಲಲ್ಲಾ ಬತೂಲ್ ಹೇಳಿ ಕಳಿಸಿದ್ದು ಇಷ್ಟೇ: "ಊರವರ ಕೊಳೆ ಮುಟ್ಟೋ ಕೈ ನಾವೆಲ್ಲ ಒಟ್ಟಿಗೆ ಕೈ ಹಾಕಿ ಉಣ್ಣೋ ಶುಕ್ರವಾರದ ಕುಸ್ಕುಸ್ ತಟ್ಟೆಗೆ ಬರೋದು ಬೇಡ." ಮಗ ಬಾಲ ಮುದುರಿಕೊಂಡು ಒಪ್ಪಿದ. ಗೋಡೆಗೆ ಮುಖ ಮಾಡಿ ಮಲಗಿದ ವಿದಾದ್ ಇನ್ನೂ ಸರಿಯಾಗಿ ಉಣ್ಣುತ್ತಿಲ್ಲ.

ಇಷ್ಟಾದ ಮೇಲೂ, ಅನಸನಿಗೆ ಬೇರೆ ಹೆಣ್ಣು ಗೊತ್ತುಮಾಡಿ, ನಿಶ್ಚಿತಾರ್ಥದ ಮುನ್ನಾದಿನ ಬತೂಲ್ ಬಂದು ಕುಳಿತದ್ದು ತಾಮೂಳ ಮುಂದೆಯೇ! ದುಡಿದು ತಿನ್ನುವವರ ಮನಸ್ಸಿಗೆ ನೋವು ನಾಟುವುದಿಲ್ಲ ಎಂದು ಇಂಥವರಿಗೆ ಯಾರು ಹೇಳಿಕೊಟ್ಟರೋ ಕಾಣೆ.

"ಮನಸ್ಸಿಗೆ ಹಚ್ಕೋಬೇಡ ಕಣೇ ತಾಮೂ. ನಿಮ್ಮಂಥೋರು ಇದನ್ನೆಲ್ಲ ಬೇಗ ಮರೀತೀರಿ, ಅದೇ ನಿಮ್ಮ ಅದೃಷ್ಟ. ನಾಳೆ ಬೀಗರು ಬರ್ತಾರೆ, ಮೈ ಹೊಳೀಬೇಕು ನೋಡು."

"ಆಗ್ಲಿ ಲಲ್ಲಾ," ಎಂದಳು ತಾಮೂ, ದೊಡ್ಡ ಮನೆಯ ಹೆಂಗಸರನ್ನು ಕರೆಯುವ ಮರ್ಯಾದೆಯಲ್ಲೇ.

ಕಪ್ಪು ಸಾಬೂನು ಬಳಿದು, ಒರಟು ಕೈಗವಸು ತೊಟ್ಟು, ಬಲಗೈ, ಬಲಗಾಲು, ಬೆನ್ನಿನ ಬಲಭಾಗವನ್ನು ಕೆಂಪಗಾಗುವಂತೆ ತಿಕ್ಕಿದಳು. ಎದ್ದ ಕೊಳೆಯನ್ನು ಅಂಗೈಯಲ್ಲಿಟ್ಟು ತೋರಿಸುವುದು ಉಜ್ಜುವವರ ವಾಡಿಕೆ. ಇವತ್ತು ತಾಮೂ ಎದ್ದು ನಿಂತು ಎಲ್ಲರಿಗೂ ತೋರಿಸಿದಳು.

"ನೋಡ್ರೇ, ದೊಡ್ಡ ಮನೆ ಕೊಳೆ! ನಮ್ಮನೇದಕ್ಕಿಂತ ಏನಾದ್ರೂ ಬೆಳ್ಳಗಿದ್ಯಾ?"

ಆವಿಯೊಳಗಿಂದ ನಗು ಎದ್ದಿತು. ತಾಮೂ ಕೈಗವಸು ಕಳಚಿ ಬತೂಲಳ ತೊಡೆಯ ಮೇಲೆ ಎಸೆದಳು. "ಉಳಿದಿದ್ದು ನೀವೇ ಉಜ್ಕೊಳ್ಳಿ. ತಟ್ಟೆಗೆ ಬೇಡವಾದ ಕೈ ಬೆನ್ನಿಗೂ ಬೇಡ."

"ಎಷ್ಟು ಕೊಬ್ಬು ಇವಳಿಗೆ!" ಎಂದು ಬತೂಲ್ ಕಿರುಚಿದಳು. ಕೈಕಾಲು ಹೇಗೋ ತಿಕ್ಕಿಕೊಂಡಳು, ಬೆನ್ನು ಎಟುಕಲಿಲ್ಲ. ಹಮ್ಮಾಮಿನಲ್ಲಿ ಗುರುತಿಲ್ಲದವಳು ಕೈಗವಸು ಚಾಚಿದರೂ ಬೆನ್ನುಜ್ಜಿ ಕೊಡಬೇಕು, ಒಲ್ಲೆ ಎನ್ನುವ ಪದ್ಧತಿಯೇ ಇಲ್ಲ. ಆ ಧೈರ್ಯದಿಂದ ಪಕ್ಕದವರಿಗೆ ಚಾಚಿದಳು. ಮೀನು ಮಾರುವ ಹಾದ್ದಾ ಬಕೆಟ್ ಎತ್ತಿಕೊಂಡು ದೂರ ಸರಿದಳು. ಬಟ್ಟೆ ಹೊಲಿಯುವವಳೊಬ್ಬಳು ತಲೆಗೆ ನೀರು ಸುರಿದುಕೊಂಡಳು. ಮನೆಗೆಲಸದ ಮುದುಕಿ ಕಣ್ಣು ಮುಚ್ಚಿ ಗೋಡೆಗೆ ಒರಗಿದಳು.

"ಯಾರಾದ್ರೂ ಬನ್ರೇ..." ಎಂದು ಬತೂಲ್ ಸುತ್ತ ತಿರುಗಿ ಕರೆದಳು. ಚಾಚಿದ ಕೈ ಚಾಚಿದಂತೆಯೇ ಇತ್ತು.

ತಾಮೂಗೆ ಕನಿಕರ ಬರಲಿಲ್ಲ, ಹಿತವಾಯಿತು. ಮನೆಗೆ ಹೋಗಿ ಇದನ್ನೆಲ್ಲ ಹೇಳುತ್ತಾ ಮಗಳಿಗೆ ನಾಲ್ಕು ತುತ್ತು ತಿನ್ನಿಸಬೇಕು ಎಂದುಕೊಂಡಳು. ಬೇರೆ ಕೈಗವಸು ತೊಟ್ಟು ಬತೂಲಳ ಕಣ್ಣೆದುರೇ ಕೂಗಿದಳು:

"ಬಾರೇ ಹಾದ್ದಾ, ಬೆನ್ನು ಕೊಡು."