ಕೊಬ್ಬು ಅಂದ ಬಾಯಿ

ಬೇಕರಿಯಲ್ಲಿ ದಿನವಿಡೀ ಕೇಕಿನ ಮೇಲೆ ಬೆಣ್ಣೆಯ ಗುಲಾಬಿ ಬಿಡಿಸುವವಳು ಸ್ವಂತ ಮಗಳ ನಾಲಿಗೆಗೆ ಒಂದು ಹನಿ ಎಣ್ಣೆ ಮುಟ್ಟಿಸುತ್ತಿರಲಿಲ್ಲ. ಪಾಪ, ಏನು ಮಾಡಿಯಾಳು? ಗಂಡ ಚಿಕ್ಕ ವಯಸ್ಸಿಗೇ ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದ. ಈಗ ಮಗಳ ಮೊಣಕೈ, ಮಂಡಿಯ ಮೇಲೆಲ್ಲ ಹಳದಿ ಗಂಟು. ಯಾವಾಗ ರಕ್ತ ಪರೀಕ್ಷೆ ಮಾಡಿಸಿದರೂ ಕೊಲೆಸ್ಟ್ರಾಲ್ ಮುಗಿಲಲ್ಲಿ. ಮಾತ್ರೆಗೂ ಜಗ್ಗಲಿಲ್ಲ.

ಮನೆಯಲ್ಲೇ ಯಾರೋ ಕದ್ದು ತಿನ್ನಿಸುತ್ತಿದ್ದಾರೆ ಎಂದು ಅವಳ ತಲೆಗೆ ಹೊಕ್ಕಿತು. ಯಾರೋ ಏನು, ಓರಗಿತ್ತಿಯೇ! ಪಕ್ಕದ ಕೋಣೆಯಲ್ಲಿದ್ದ ಮೈದುನನ ಹೆಂಡತಿ. ಮಗಳ ಜೇಬಿನಲ್ಲಿ ಬಿಸ್ಕತ್ತು ಸಿಕ್ಕಿದ್ದೇ ತಡ, ಕೆನ್ನೆಗೆ ಬಾರಿಸಿ, "ಕೊಬ್ಬು ಕಣೇ ನಿಂಗೆ!" ಎಂದಳು. ಓರಗಿತ್ತಿ ಅಡ್ಡ ಬಂದಾಗ, "ನಿಂಗೂ ಕೊಬ್ಬು! ಹೆತ್ತಿದ್ರೆ ಗೊತ್ತಾಗ್ತಿತ್ತು" ಎಂದುಬಿಟ್ಟಳು. ಮಕ್ಕಳಿಲ್ಲದವಳಿಗೆ ಆಡುವ ಮಾತೇ ಅದು? ಅವಳು ಗಂಡನನ್ನು ಕರೆದುಕೊಂಡು ಬೇರೆ ಮನೆ ಮಾಡಿದಳು.

ಮಗಳಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರಮ್ಮ ಎದುರಿಗೆ ಕೂರಿಸಿಕೊಂಡು ಹೇಳಿದರು.

"ನೋಡಮ್ಮ, ಲಿವರ್ ಕೊಬ್ಬನ್ನ ಪೊಟ್ಟಣ ಕಟ್ಟಿ ರಕ್ತಕ್ಕೆ ಬಿಡುತ್ತೆ. ಆ ಪೊಟ್ಟಣಗಳನ್ನ ವಾಪಸ್ ಒಳಗೆ ಎಳ್ಕೊಳ್ಳೋಕೆ ಲಿವರಿನ ಜೀವಕೋಶಗಳ ಮೇಲೆ ಕೊಂಡಿ ಥರ ಇರುತ್ತೆ, ರಿಸೆಪ್ಟರ್ ಅಂತೀವಿ. ನಿಮ್ಮ ಮಗಳಿಗೆ ಆ ಕೊಂಡಿಗಳೇ ಇಲ್ಲ. ವಾಪಸ್ ಬರಲಿಲ್ಲ ಅಂತ ಲಿವರ್ ಇನ್ನಷ್ಟು ಕಟ್ಟಿ ಕಟ್ಟಿ ಬಿಡ್ತಿದೆ."

"ಹಾಗಾದ್ರೆ ಅವಳು ತಿಂದಿದ್ದಕ್ಕಲ್ವಾ?"

"ಉಪವಾಸ ಕೆಡವಿದ್ರೂ ಹೆಚ್ಚೇನೂ ಇಳೀತಿರ್ಲಿಲ್ಲ. ಇನ್ನು ಬೇರೆಯವರ ಲಿವರಿನ ಒಂದು ತುಂಡು ಕಸಿ ಮಾಡೋದೊಂದೇ ದಾರಿ."

ಅವಳು ಡಾಕ್ಟರಮ್ಮನ ಕೈ ಹಿಡಿದುಕೊಂಡಳು. "ನನ್ನ ಲಿವರ್ ಕೊಯ್ದು ಹಾಕಿ ಡಾಕ್ಟ್ರೇ!"

"ನಿಮ್ಮದು ಬೇಡಮ್ಮ, ಅದರಲ್ಲೂ ಕೊಂಡಿ ಕಮ್ಮಿ. ಅರ್ಧ ದೋಷ ನಿಮ್ಮಿಂದ, ಅರ್ಧ ಅವರಪ್ಪನಿಂದ ಬಂದಿದೆ. ರಕ್ತಸಂಬಂಧ ಇಲ್ಲದ ಹತ್ತಿರದವರು ಯಾರಾದ್ರೂ ಇದ್ದಾರಾ? ಬೇಗ ಆಗ್ಬೇಕು, ಹೃದಯ ತುಂಬಾ ದಿನ ತಡೆಯಲ್ಲ."

ಅಂಥವಳು ಇದ್ದದ್ದು ಒಬ್ಬಳೇ. ಯಾವ ಮುಖ ಹೊತ್ತುಕೊಂಡು ಹೋಗುವುದು? ಆದರೂ ಹೋದಳು.

ಬಾಗಿಲು ತೆರೆದ ಓರಗಿತ್ತಿ ಒಳಗೆ ಬಾ ಎನ್ನಲಿಲ್ಲ. ಇವಳು ಹೊಸ್ತಿಲಲ್ಲೇ ಕುಸಿದು, ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಒದರಿದಳು. "ಬಾಯಿಗೆ ಬಂದಂಗೆ ಅಂದ್ಬಿಟ್ಟೆ ಕಣೇ. ಹೊಟ್ಟೆಗೆ ಹಾಕ್ಕೋ."

"ಹೊಟ್ಟೆಯಿಂದ ತೆಗೆದು ಕೊಡು ಅಂತ ಬಂದು, ಹೊಟ್ಟೆಗೆ ಹಾಕ್ಕೋ ಅಂತೀಯಲ್ಲ ಅಕ್ಕ!" ಅವಳು ನಕ್ಕಳೋ ಅತ್ತಳೋ ತಿಳಿಯಲಿಲ್ಲ. "ಆ ಬಿಸ್ಕತ್ತು ನಾನು ಕೊಟ್ಟಿದ್ದಲ್ಲ. ಸ್ಕೂಲಲ್ಲಿ ಕೊಟ್ಟಿದ್ದನ್ನ ಅವಳೇ ನಂಗೆ ತರ್ತಿದ್ಲು. ನೀನು ತಿನ್ನು ಚಿಕ್ಕಮ್ಮ, ನಾನು ನೋಡ್ತೀನಿ ಅನ್ನೋಳು."

ಇವಳು ಬಾಯಿಗೆ ಸೆರಗು ತುರುಕಿಕೊಂಡಳು. ಓರಗಿತ್ತಿ ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದಳು.

"ಏಳಕ್ಕ. ನಂದು ಹೊಂದುತ್ತೋ ಇಲ್ವೋ, ಇವತ್ತೇ ನೋಡಿಸೋಣ. ಮಗು ಏನಾದ್ರೂ ತಿಂತಾ?"

"ಇಲ್ಲ ಕಣೇ. ಬೆಳಿಗ್ಗೆ ನಾನೇ ಬಿಸ್ಕತ್ತು ಹಿಡಿದೆ. ಕೈ ಹಿಂದಕ್ಕೆ ಕಟ್ಕೊಂಡು, 'ಬೇಡಮ್ಮ, ನಂಗೆ ಕೊಬ್ಬಿಲ್ಲ' ಅಂದ್ಲು."