ಬೇರೆ ಮಾಡದ ಬ್ಯಾಟರಿ

ಮತ್ತೆ ಕೆಂಪಗಾಯಿತು ದೇವರ ಕೋಣೆಯ ಬಲ್ಬು, ಇವರು ಜೀಪಿನ ಸೆಲ್ಫ್ ಹೊಡೆದಾಗಲೆಲ್ಲ ಹೀಗೆ, ಜೀಪಿನ ಹಿಂದಿನ ಸೀಟಿನಿಂದ ಮನೆಯ ಕಿಟಕಿಯಲ್ಲಿ ಕಾಣುತ್ತದೆ, ಒಳಗಿನ ತಂತಿ ಮಾತ್ರ ಕೆಂಪು ದಾರದಂತೆ ಉಳಿದು — ಕಟ್, ಕಟ್, ಇಂಜಿನ್ ಏಳುವುದಿಲ್ಲ, ಏಳುವುದಿಲ್ಲ ಅಂತ ನನಗೆ ಗೊತ್ತು — ಗಿರಿಜಾ, ಕಣ್ಣು ಬಿಡು ಮಗಳೇ, ನಿದ್ದೆ ಮಾಡಬೇಡ ಕಣೇ, ತೊಡೆಯ ಮೇಲೆ ತಲೆ ಎಷ್ಟು ಭಾರ, ಸೌದೆ ತರಲು ರಾಶಿಯೊಳಗೆ ಕೈ ಹಾಕಿದಳು, ಕಚ್ಚಿದ ಹಾವು ಹೊರಬಂದು ಹರಿದು ಹೋದದ್ದನ್ನು ನಾನೇ ನೋಡಿದೆ, ತರೀಕೆರೆ ಆಸ್ಪತ್ರೆಯಲ್ಲಿ ಔಷಧಿ ಇದೆ, ಇದೆಯಂತೆ, ಜೀಪು ಹೊರಟರೆ ಅರ್ಧ ಗಂಟೆಯ ದಾರಿ, ಹೊರಟರೆ.

ಎರಡು ಬ್ಯಾಟರಿ ಇವೆ ನಮ್ಮಲ್ಲಿ, ಊಟಕ್ಕಿಲ್ಲದ ಉಪ್ಪಿನಕಾಯಿ, ಒಂದು ಜೀಪಿನದು, ಇನ್ನೊಂದು ಮನೆಯ ಬಲ್ಬಿಗೆಂದು ತಂದದ್ದು, ಲಿಂಗದಹಳ್ಳಿಯಿಂದ ಈಚೆಗೆ ಕರೆಂಟು ಬಂದಿಲ್ಲವಲ್ಲ — ಮೆಕ್ಯಾನಿಕ್ ಮಹಬೂಬ್ ಸಾಬರು ಅಂಗಳದಲ್ಲೇ ನಿಂತು ಹೇಳಿದ್ದರು, ಗಾಡೀದು ಗಾಡಿಗೆ, ಮನೇದು ಮನೆಗೆ, ಎರಡ್ನೂ ಬೇರೆ ಇಡ್ರಪ್ಪ, ಜೋಡಿಸಿದ್ರೆ ಒಂದರ ಜೊತೆ ಇನ್ನೊಂದೂ ಸಾಯ್ತದೆ. ಬೇರೆ ಅನ್ನುವ ಮಾತು ಮಾವನ ಕಿವಿಗೆ ಬಿದ್ದದ್ದೇ ತಪ್ಪು, ಮೈದುನ ಚಂದ್ರಶೇಖರ ಪಾಲು ಕೇಳಿ ಬೇರೆ ಹೋದ ವರ್ಷ ಅದು, ಹೊಸ ಬ್ಯಾಟರಿಗೆ ವಿಭೂತಿ ಹಚ್ಚುತ್ತಾ, ಲೇ ಷಡಕ್ಷರಿ, ಈ ಮನೇಲಿ ಇನ್ನೊಂದು ಒಲೆ ಹೂಡೋದು ಬೇಡ, ಕೂಡಿದ್ರೆ ಬಲ ಕಣೋ, ಎರಡ್ನೂ ಸೇರಿಸ್ಬಿಡು — ಇವರು ಅಂಗಳದ ಜೀಪಿನಿಂದ ಮನೆಗೆ ತಂತಿ ಎಳೆದು ಸೇರಿಸಿದರು, ಅಪ್ಪನ ಮಾತು ಮೀರದ ಮಗ, ಬಲ್ಬು ಎಷ್ಟು ಚೆನ್ನಾಗಿ ಉರಿಯಿತು, ಅಂಗೈ ಮೇಲಿನ ಲಿಂಗ ಕಾಣ್ತದೆ ಕಣವ್ವ ಅಂತ ಮಾವ ಮಗುವಿನ ಹಾಗೆ ನಕ್ಕರು, ನಾನೂ ನಕ್ಕೆ, ನೆನ್ನೆ ನೆಂಟರು ಬಂದರೆಂದು ಬೆಳಗಿನ ತನಕ ಮನೆಯ ಬಲ್ಬುಗಳೆಲ್ಲ ಉರಿದವು.

ತಳ್ರೋ ಅಂತ ಇವರು ಕೂಗುತ್ತಾರೆ, ಯಾರಿದ್ದಾರೆ ತಳ್ಳಲು, ನೆಂಟರು ಮೊದಲ ಬಸ್ಸಿಗೇ ಹೋದರು, ಮಾವ ಒಬ್ಬರೇ, ಪೂಜೆಯಿಂದ ಎದ್ದು ಬಂದ ಬರಿಮೈಯಲ್ಲಿ, ಮನೆ ತಗ್ಗಿನಲ್ಲಿ, ರಸ್ತೆ ಏರಿನಲ್ಲಿ, ಜೀಪು ಒಂದು ಗೇಣು ಹೋಗಿ ಹಿಂದಕ್ಕೇ ಬರುತ್ತದೆ, ಆಳು ಕೆಂಚಪ್ಪ ಎತ್ತಿನ ಗಾಡಿ ಹೂಡಿಸಲು ಓಡಿದ್ದಾನೆ, ಗಾಡಿಯಲ್ಲಿ ತರೀಕೆರೆ ಮುಟ್ಟುವ ಹೊತ್ತಿಗೆ ನನ್ನ ಕೂಸು ಇರುವುದಿಲ್ಲ, ಬಲ್ಬು ಆರಿಸಲೂ ಯಾರಿಗೂ ತೋಚಿಲ್ಲ, ಆರಿಸಿದರೂ ಇನ್ನೇನು ಉಳಿದಿದೆ — ಗಿರಿಜಾ, ಅಜ್ಜ ತಳ್ತಾ ಇದ್ದಾರೆ ನೋಡು, ಕೂಡಿದ್ರೆ ಬಲ, ರೆಪ್ಪೆಯನ್ನು ಬೆರಳಿನಿಂದ ಎತ್ತುತ್ತೇನೆ, ಬೀಳುತ್ತದೆ, ಎತ್ತುತ್ತೇನೆ, ಕಟ್, ಕಿಟಕಿಯಲ್ಲಿ ಕೆಂಪು ದಾರ, ರೆಪ್ಪೆ ಬೀಳುತ್ತದೆ, ಕೆಂಪು ದಾರ, ಬರೀ ದಾರ —